ಮೇಷ್ಟ್ರ ಆತ್ಮಕಥೆ

ಲಕ್ವ ಹೊಡೆದು ಮಾತೂ ಕೈಕಾಲೂ ಬಿದ್ದುಹೋದ ಮೇಷ್ಟ್ರಿಗೆ ಉಳಿದದ್ದು ಕಣ್ಣು ಮಾತ್ರ. ಕಣ್ಣಾಡಿಸಿದರೆ ಅಕ್ಷರ ಮೂಡಿಸುವ ಯಂತ್ರವೊಂದನ್ನು ಮಗ ಅವರಿಗಷ್ಟೇ ಕಾಣುವಂತೆ ಮಂಚಕ್ಕೆ ಜೋಡಿಸಿದ. ಅವರು ಬರೆದದ್ದೆಲ್ಲ ನೇರವಾಗಿ ಕ್ಲೌಡಿನಲ್ಲಿ ಸೇರುತ್ತಿತ್ತು. ದಿನಕ್ಕೊಂದು ಫೈಲು.

“ಅಪ್ಪ ಆತ್ಮಕಥೆ ಬರೀತಿದಾರೆ” ಎಂದು ಮಗ ಊರಿಗೆಲ್ಲ ಹೇಳಿಕೊಂಡು ಬಂದ.

ಮಾವನ ಕಣ್ಣಲ್ಲಿ ನೀರು ಕಂಡಾಗಲೆಲ್ಲ ಸೊಸೆ, ಸೆಕೆಯಿರಬೇಕೆಂದು ಫ್ಯಾನ್ ಜೋರು ಮಾಡುತ್ತಿದ್ದಳು.

“ಒಂದ್ಸಲ ತೆಗೆದು ನೋಡೋಣ ರೀ.”

“ಮುಗಿಯೋವರೆಗೂ ಯಾರೂ ಮುಟ್ಟಬಾರದು. ಅಪ್ಪನ ಶಿಸ್ತು ನಿಂಗೊತ್ತಿಲ್ವಾ?”

ಮೇಷ್ಟ್ರ ಹುಟ್ಟುಹಬ್ಬದ ದಿನ, ನೆಂಟರೆದುರು ಓದಲು ಮಗ ಅವಳನ್ನೇ ನಿಲ್ಲಿಸಿದ. ಅವಳು ಮೊದಲ ಫೈಲು ತೆಗೆದಳು, ಹತ್ತನೆಯದು ತೆಗೆದಳು, ನಲವತ್ತನೆಯದನ್ನೂ ತೆಗೆದಳು. ಎಲ್ಲದರಲ್ಲೂ ಇದ್ದದ್ದು ಒಂದೇ ಸಾಲು:

“ಫ್ಯಾನ್ ನಿಲ್ಲಿಸಮ್ಮ, ಚಳಿ.”