ನಿಘಂಟಿನಲ್ಲಿ ಇಲ್ಲದ ಆದೇಶ

ತಾಲ್ಲೂಕಿನ ಜನರ ದಾಖಲೆ ನೋಡಿಕೊಳ್ಳುವ ತಂತ್ರಾಂಶಕ್ಕೆ ವಿಮಲಾಕ್ಷಿ ಕನ್ನಡ ಆದೇಶಗಳ ನಿಘಂಟು ಬರೆಯುತ್ತಿದ್ದಳು. ಅದರಲ್ಲಿರುವ ಆದೇಶಗಳನ್ನಷ್ಟೇ ತಂತ್ರಾಂಶ ಪಾಲಿಸುತ್ತಿತ್ತು. ಹೊಸದೊಂದು ಸೇರಬೇಕಾದರೆ ಅಧಿಕಾರಿ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಬೇಕಿತ್ತು.

"ಹುಡುಕು, ಸೇರಿಸು, ಮೃತ ಎಂದು ಗುರುತಿಸು. ಮೂರೂ ಆಯ್ತು ಸರ್. ಗುರುತಿಸಿದ್ದನ್ನ ವಾಪಸ್ ತೆಗೆಯೋಕೆ ಇನ್ನೊಂದು ಬೇಕು."

ಅಧಿಕಾರಿ ನಕ್ಕರು. "ಸತ್ತೋರು ಎದ್ದು ಬರ್ತಾರೇನ್ರೀ? ಅದೆಲ್ಲ ಬೇಡ."

"ಯಾರಾದ್ರೂ ತಪ್ಪಿ ಒತ್ತಿದ್ರೆ?"

"ತಪ್ಪು ಮಾಡೋರನ್ನ ನಾನು ಇಟ್ಕೊಂಡಿಲ್ಲ."

"ಪ್ರತಿ ಆದೇಶದ ಕೆಳಗೆ ಒಂದು ಉದಾಹರಣೆ ಕೊಡ್ಬೇಕು ಸರ್. ಯಾರ ಗುರುತಿನ ಸಂಖ್ಯೆ ಹಾಕ್ಲಿ?"

"ನಂದೇ ಹಾಕಿ. ಪುಸ್ತಕದಲ್ಲಿ ಬರೆದ್ರೆ ಸತ್ತು ಹೋಗ್ತೀನಾ?" ಎನ್ನುತ್ತ ಅವರು ಮೂರು ಸಲ ಹೆಬ್ಬೆಟ್ಟು ಒತ್ತಿದರು.

ಸೋಮವಾರ ಬೆಳಿಗ್ಗೆ ನಲವತ್ತು ಗುಮಾಸ್ತರಿಗೆ ತರಬೇತಿಯಿತ್ತು. ಉದಾಹರಣೆಗಳನ್ನು ಇದ್ದದ್ದು ಇದ್ದ ಹಾಗೇ ಟೈಪ್ ಮಾಡಿ ಕಲಿಯುವುದು ಆ ಕಚೇರಿಯ ವಾಡಿಕೆ. ಕಲಿಯುವವರಿಗೆಂದು ಬೇರೆ ದಾಖಲೆಗಳಿರಲಿಲ್ಲ.

ಹನ್ನೊಂದು ಗಂಟೆಗೆ ಅಧಿಕಾರಿ ಬೆವರುತ್ತ ಓಡಿಬಂದರು. ಅವರ ಮೊಬೈಲಿಗೆ ಅವರದೇ ಮರಣ ಪ್ರಮಾಣಪತ್ರ ಬಂದಿತ್ತು.

"ಆ ವಾಪಸ್ ತೆಗೆಯೋ ಆದೇಶ ಈಗಲೇ ಬರೀರಿ! ಬೇಗ!"

ವಿಮಲಾಕ್ಷಿ ಬರೆದು ಮುಗಿಸಿ, ಯಂತ್ರವನ್ನು ಅವರತ್ತ ಸರಿಸಿದಳು. ಅವರು ಹೆಬ್ಬೆಟ್ಟು ಒತ್ತಿದರು. ಬೆವರು ಒರೆಸಿಕೊಂಡು ಮತ್ತೆ ಒತ್ತಿದರು.

ಪರದೆಯ ಮೇಲೆ ಒಂದೇ ಸಾಲು ಮೂಡಿತು: "ಮೃತ ವ್ಯಕ್ತಿಯ ಅನುಮೋದನೆ ಮಾನ್ಯವಲ್ಲ."