ಕೆಂಪು ಜಂಗು

ಬೆಸುಗೆಯ ರಾಳದ ಹೊಗೆ ಮೂಗಿಗೆ ಬಡಿದರೆ ಇಂದಿಗೂ ನನ್ನ ಅಂಗೈ ಬೆವರುತ್ತದೆ. ದಿನವೂ ಬೆಸುಗೆ ಹಾಕುವ ಕೆಲಸ ನನ್ನದು, ಬೆವರದ ದಿನ ಯಾವುದಿದೆ ಅನ್ನಿ.

ಅಣ್ಣನ ವಿಡಿಯೊ ಗೇಮು ಕೆಡಬಾರದೆಂಬ ಚಿಂತೆಯಿಂದಲೇ ದಸರೆಯ ಖಂಡೇಪೂಜೆಯ ದಿನ, ಮನೆಯ ಆಯುಧ-ಯಂತ್ರಗಳಿಗೆಲ್ಲ ಹಚ್ಚುವಂತೆ, ಅದಕ್ಕೂ ನೀರಲ್ಲಿ ಕಲಸಿದ ಕುಂಕುಮ ಹಚ್ಚಿದ್ದೆ. ಮರುದಿನ ಅದು ಚಾಲೂ ಆಗಲಿಲ್ಲ. ಹೆದರಿ ಹೊರಗಿನ ಕುಂಕುಮ ಒರೆಸಿಬಿಟ್ಟೆ.

"ಯಾರ ಕೆಡಿಸ್ಯಾರ ಗೊತ್ತಾಗ್ಲಿ, ಆಮ್ಯಾಲ ನೋಡ್ತೇನಿ," ಎನ್ನುತ್ತ ಅಪ್ಪ ನನ್ನನ್ನೂ ಬೈಲಹೊಂಗಲದ ರೇಡಿಯೊ ರಿಪೇರಿ ಅಂಗಡಿಗೆ ಕರೆದೊಯ್ದ. ಅಂಗಡಿಯ ದಸ್ತಗೀರಕಾಕಾ ಮದರ್‌ಬೋರ್ಡು ಬಿಚ್ಚಿದರು. ಚಿಪ್ಪಿನ ಕಾಲುಗಳ ನಡುವೆ ಕೆಂಪಗೆ ಕಟ್ಟಿತ್ತು. ಕಾಕಾ ನನ್ನ ಬೆರಳು ನೋಡಿದರು, ಅವೂ ಕೆಂಪಗಿದ್ದವು.

"ಜಂಗ ಹಿಡದೈತ್ರಿ," ಅಂದರು ಅಪ್ಪನಿಗೆ, ಆ ಕೆಂಪನ್ನೇ ತುಕ್ಕೆಂದು ತೋರಿಸಿ. ಹಳೇ ಬ್ರಶ್ಶಿನಿಂದ ತಿಕ್ಕಿ, ಬಿಟ್ಟಿದ್ದ ಒಂದು ಕಾಲಿಗೆ ಬೆಸುಗೆ ಹಾಕಿದರು. ಗೇಮಿನ ದೀಪ ಹತ್ತಿತು. ಅಪ್ಪ ನನ್ನ ಬೆರಳುಗಳತ್ತ ಒಮ್ಮೆ ನೋಡಿ, ಕಾಕಾನಿಗೆ ದುಡ್ಡು ಕೊಟ್ಟ.

ಮುಂದಿನ ಖಂಡೇಪೂಜೆಗೆ ಅಪ್ಪನೇ ಗೇಮು ತಂದು ನನ್ನ ಮುಂದಿಟ್ಟ.

"ಈ ಸಲ ಒಣಾ ಕುಂಕುಮ ಹಚ್ಚವ್ವಾ. ಜಂಗ ಹಿಡೀತೈತಿ."