ಹಸಿರು ದೀಪದ ದಿನ

ದ್ವೀಪದಲ್ಲಿ ಬಿದ್ದ ಯಾವುದಾದರೂ ಒಂದು ಗರಿಯನ್ನು ಪ್ರತಿ ಬೆಳಿಗ್ಗೆ ತಳಿ ನೋಡುವ ಯಂತ್ರದೊಳಗೆ ಇಡುವುದು ನನ್ನ ಕೆಲಸ. ಕೆಂಪು ದೀಪ ಹತ್ತಿದರೆ ದ್ವೀಪದ ಹಕ್ಕಿಗಳೆಲ್ಲ ಅಂದು ಅಪರೂಪದ ತಳಿ. ಅವುಗಳ ಮೊಟ್ಟೆ ಮನೆಯಲ್ಲಿದ್ದವನಿಗೆ ಜೈಲು. ಹಸಿರು ಹತ್ತಿದರೆ ಬರೀ ಕಡಲಕಾಗೆ, ಮೊಟ್ಟೆ ಯಾರು ಬೇಕಾದರೂ ತಿನ್ನಬಹುದು.

ಇವತ್ತು ಹಸಿರು. ಗಾರ್ಡ್ ದೇವಿದಾಸ ಬುಟ್ಟಿ ತುಂಬ ಮೊಟ್ಟೆ ಬಾಚಿ ತಂದು ಆಮ್ಲೆಟ್ ಹಾಕಿದ. ಒಂದರಲ್ಲಿ ಮರಿಯ ಕೊಕ್ಕು ಮೂಡಿತ್ತು. ಅದನ್ನು ಬೆರಳಲ್ಲಿ ತೆಗೆದು ಬಿಸಾಡಿ, ಬೆರಳು ನೆಕ್ಕಿದ. ತಲೆಯ ಮೇಲೆ ಹಕ್ಕಿಗಳು ಅರಚುತ್ತಿದ್ದವು.

ಹೋದ ವರ್ಷ ಅಪ್ಪ ಹಸಿರು ದಿನ ತಂದ ಮೊಟ್ಟೆಯೊಂದು ಮರುದಿನ ಕೆಂಪು ಹತ್ತಿದಾಗಲೂ ಮನೆಯಲ್ಲೇ ಇತ್ತು. ಕೋಳ ಹಾಕಿದವನು ಇದೇ ದೇವಿದಾಸ.

“ಅಪ್ಪನ್ನ ಇನ್ನಾದ್ರೂ ಬಿಡ್ತ್ರಾ ದೇವಿದಾಸಣ್ಣ?”

“ಎಂತಕ್ಕೆ ಬಿಡೂದು ಮಾರಾಯಾ? ತಂದದ್ದು ಯಾವಾಗ ಅಂತ ಕಾನೂನು ಕೇಳೂದಿಲ್ಲ. ಕೆಂಪು ಹತ್ತಿದಾಗ ಯಾರ ಮನೇಲಿತ್ತು, ಅಷ್ಟೇ.” ಉಳಿದ ಮೊಟ್ಟೆಗಳನ್ನು ಅವನು ಚೀಲಕ್ಕೆ ತುಂಬಿಕೊಂಡ. “ಮನೇಲಿ ಎರಡು ದಿನಕ್ಕೆ ಆತು.”

“ಜೋಪಾನವಾಗಿ ತಕಂಡೋಗಿ ದೇವಿದಾಸಣ್ಣ,” ಎಂದೆ.

ಅಪ್ಪನನ್ನು ಹಿಡಿದ ದಿನ ಕೆಂಪು ಹತ್ತಿಸಿದ ಗರಿ ಇನ್ನೂ ನನ್ನ ಹತ್ತಿರವೇ ಇದೆ. ನಾಳೆ ಯಂತ್ರದೊಳಗೆ ಅದನ್ನೇ ಇಡುತ್ತೇನೆ.